ಕಂತಿನ ಗಾಡಿ ನಡೆದು ಬಂದ ದಾರಿ



ಹುಣಸೆಹಣ್ಣಿನ ಕಾಲದಲ್ಲಿ ಹಿಂದೂಪುರದ ಮಾರುಕಟ್ಟೆಯ ಕಡೆ ಹೋದವರಿಗೆ ಲಾರಿ, ಟೆಂಪೊ, ಗೂಡ್ಸ್ ಆಟೊಗಳ ಸಾಲು ಕಣ್ಣಿಗೆ ಬೀಳದೆ ಇರದು. ಒಂದರ ಹಣೆಯ ಮೇಲೆ ಮನೆದೇವರ ಹೆಸರು, ಇನ್ನೊಂದರ ಬೆನ್ನ ಮೇಲೆ ಮಗಳ ಹೆಸರು. ಅದೇ ಗಾಡಿಯ ಆರ್‌ಸಿ ತೆಗೆದು ನೋಡಿ. ಮಾಲೀಕನ ಹೆಸರಿನ ಕೆಳಗೆ ಒಂದು ಫೈನಾನ್ಸ್ ಕಂಪನಿಯದೋ ಬ್ಯಾಂಕಿನದೋ ಹೆಸರು ಕೂತಿರುವುದುಂಟು. ಕಲ್ಯಾಣದುರ್ಗದ ಕಡಲೆಕಾಯಿ ಹೊಲಕ್ಕೆ ಇಳಿಯುವ ಟ್ರ್ಯಾಕ್ಟರು, ಕೆರೆ ಹೂಳೆತ್ತುವ ಜೆಸಿಬಿ, ಬೋರ್ ಕೊರೆಯುವ ಲಾರಿ, ಇವುಗಳಲ್ಲಿಯೂ ಹಲವು ಕಂತಿನ ಮೇಲೆಯೇ ಓಡುತ್ತಿವೆ. ಕೈಯಲ್ಲಿ ದುಡ್ಡಿಲ್ಲದವನ ಕೈಗೆ ಯಂತ್ರ ಕೊಡುವ ಈ ಏರ್ಪಾಡು ಎಲ್ಲಿ ಹುಟ್ಟಿತು, ನಮ್ಮ ಗಡಿನಾಡಿಗೆ ಯಾವ ದಾರಿಯಲ್ಲಿ ಬಂತು ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ.

ಮೊದಲು ಅದರ ಮೂಲ ರೂಪ ತಿಳಿಯೋಣ. ಹೈರ್ ಪರ್ಚೇಸ್ ಎಂದರೆ ಬಾಡಿಗೆಯಿಂದ ಶುರುವಾಗಿ ಖರೀದಿಯಲ್ಲಿ ಮುಗಿಯುವ ಕರಾರು. ಕಂತು ಕಟ್ಟುತ್ತಿರುವಷ್ಟು ದಿನ ವಸ್ತು ಕೊಟ್ಟವನದೇ, ನಾವು ಬರೀ ಬಾಡಿಗೆದಾರರು. ಕೊನೆಯ ಕಂತು ಕಟ್ಟಿ, ಕೊಳ್ಳುವ ಹಕ್ಕು ಚಲಾಯಿಸಿದ ದಿನ ಅದು ನಮ್ಮದಾಗುತ್ತದೆ. ಲೀಸ್ ಹಾಗಲ್ಲ. ಅಲ್ಲಿ ಬಳಸಿದ್ದಕ್ಕೆ ಬಾಡಿಗೆ, ಅವಧಿ ಮುಗಿದ ಮೇಲೆ ಯಂತ್ರ ಸಾಮಾನ್ಯವಾಗಿ ಮರಳಿ ಕಂಪನಿಗೆ.

ಇದರ ಬೇರು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿದೆ. ಪಿಯಾನೊ, ಹೊಲಿಗೆ ಯಂತ್ರ, ರೈಲ್ವೆ ವ್ಯಾಗನ್ನುಗಳು ಅಲ್ಲಿ ಹೀಗೆ ಕೈ ಬದಲಾಯಿಸುತ್ತಿದ್ದವು. ಒಬ್ಬಾತ 36 ತಿಂಗಳ ಕಂತಿಗೆ ಪಿಯಾನೊ ಒಯ್ದು, ನಾಲ್ಕೇ ತಿಂಗಳಲ್ಲಿ ಅದನ್ನು ಗಿರವಿ ಇಟ್ಟುಬಿಟ್ಟ. ಪಿಯಾನೊ ಯಾರದು? ಕೊಟ್ಟ ವ್ಯಾಪಾರಿಯದೋ, ಗಿರವಿ ಹಿಡಿದವನದೋ? 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಒಯ್ದವನಿಗೆ ಕೊಳ್ಳುವ ಹಕ್ಕು ಇತ್ತೇ ಹೊರತು ಕೊಂಡೇ ತೀರಬೇಕೆಂಬ ಕಟ್ಟುಪಾಡು ಇರಲಿಲ್ಲ, ಆದ್ದರಿಂದ ಪಿಯಾನೊ ವ್ಯಾಪಾರಿಯದೇ. ಹೆಲ್ಬಿ ವಿರುದ್ಧ ಮ್ಯಾಥ್ಯೂಸ್ ಎಂಬ ಆ ಪ್ರಕರಣ ಇಂದಿಗೂ ಕಾನೂನು ಕಾಲೇಜುಗಳಲ್ಲಿ ಪಾಠ.

ಭಾರತದ ಮಧ್ಯಮ ವರ್ಗದ ಮನೆಗೆ, ದರ್ಜಿಯ ಅಂಗಡಿಗೆ ಕಂತಿನ ರುಚಿ ಹತ್ತಿಸಿದ್ದರಲ್ಲಿ ಸಿಂಗರ್ ಹೊಲಿಗೆ ಯಂತ್ರದ ಪಾಲು ದೊಡ್ಡದು. ಆದರೆ ಬೆಲೆಯಲ್ಲೂ ದುಡಿಮೆಯಲ್ಲೂ ಲಾರಿಯ ಲೆಕ್ಕವೇ ಬೇರೆ. ಮೊದಲ ಮಹಾಯುದ್ಧದ ನಂತರ ಮದ್ರಾಸಿನಲ್ಲಿ ಮೋಟಾರು ವಾಹನಗಳಿಗೆ ಕಂತಿನ ಸಾಲ ಕೊಡುವ ಸಂಸ್ಥೆಗಳು ತಲೆಯೆತ್ತಿದವು. 1954ರಲ್ಲಿ ಟಿ. ಎಸ್. ಸಂತಾನಂ ಎರಡು ಲಕ್ಷ ರೂಪಾಯಿ ಬಂಡವಾಳದಿಂದ ಸುಂದರಂ ಫೈನಾನ್ಸ್ ಕಟ್ಟಿದರು. ನಮ್ಮ ಹಳೆಯ ಅನಂತಪುರ ಜಿಲ್ಲೆ 1953ರ ಅಕ್ಟೋಬರ್ ವರೆಗೆ ಮದ್ರಾಸ್ ರಾಜ್ಯದ್ದೇ ಭಾಗವಾಗಿತ್ತು ಎಂಬುದನ್ನು ನೆನೆದರೆ, ಮದ್ರಾಸ್ ನಗರದ ವ್ಯವಹಾರದ ರೀತಿ ನಮಗೆ ದೂರದ್ದಲ್ಲ ಎಂಬುದು ತಿಳಿಯುತ್ತದೆ. 1955ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಇದೇ ಪದ್ಧತಿಯಲ್ಲಿ ಸಣ್ಣ ಕಾರ್ಖಾನೆಗಳಿಗೆ ಯಂತ್ರ ಒದಗಿಸಿತು. ಜಾಗವೊಂದಿದ್ದು ಕೆಲಸ ಬಲ್ಲವನಾಗಿದ್ದರೆ, ಲೇತ್ ಮಿಶಿನ್ನಿಗೆ ಪೂರ್ತಿ ದುಡ್ಡು ಇರಲೇಬೇಕೆಂದಿರಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮದು ಮಳೆ ಕೈಕೊಡುವ ಸೀಮೆ. ಐದು ಎಕರೆ ಖುಷ್ಕಿ ಹೊಲವಿದ್ದವನ ಪತ್ರ ನೋಡಿ ಸಾಲ ಕೊಡುವವರು ಕಡಿಮೆ. ಕೊಟ್ಟರೂ ಹೊಲವೇ ಅಡವು. ಕಂತಿನ ಪದ್ಧತಿ ಹೊಲವನ್ನು ಕೇಳಲಿಲ್ಲ. ಗಾಡಿಯೇ ಆಧಾರ, ಅದರ ದುಡಿಮೆಯೇ ಮರುಪಾವತಿ. ಹುಣಸೆ, ರೇಷ್ಮೆಗೂಡು, ಕಡಲೆಕಾಯಿ ಹೇರಿ ಬೆಂಗಳೂರಿಗೋ ಬಳ್ಳಾರಿಗೋ ಓಡಿಸಿದ ಬಾಡಿಗೆಯಲ್ಲಿ ಕಂತು ಹುಟ್ಟಬೇಕು. ಡ್ರೈವರು ಓನರಾಗುವುದಕ್ಕೆ ತೆರೆದ ಬಾಗಿಲು ಅದೇ. ಆರ್. ತ್ಯಾಗರಾಜನ್ ಅವರು ಕಟ್ಟಿದ ಶ್ರೀರಾಮ್ ಗುಂಪು 1979ರಲ್ಲಿ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಕಂಪನಿ ತೆರೆದು, ಬ್ಯಾಂಕುಗಳು ಹತ್ತಿರ ಸೇರಿಸದ ಹಳೆ ಲಾರಿಗೆ, ಒಂದೇ ಲಾರಿಯ ಮಾಲೀಕನಿಗೆ ಸಾಲ ಕೊಡುವುದನ್ನೇ ತನ್ನ ದೊಡ್ಡ ವ್ಯವಹಾರ ಮಾಡಿಕೊಂಡಿತು. ಇದು ಸಣ್ಣ ಸಂಗತಿಯಲ್ಲ.

ಲೀಸ್ ವ್ಯವಹಾರವೂ ಮದ್ರಾಸಿನಿಂದಲೇ ಹೊರಟಿತು. 1973ರಲ್ಲಿ ಅಲ್ಲಿ ಫಸ್ಟ್ ಲೀಸಿಂಗ್ ಕಂಪನಿ ಆರಂಭವಾಯಿತು. ಎಂಬತ್ತರ ದಶಕದಲ್ಲಿ ಯಂತ್ರದ ಸವಕಳಿಗೆ ಸಿಗುವ ತೆರಿಗೆ ವಿನಾಯಿತಿಯ ಲಾಭ ಕಂಡು ಇಂಥ ಕಂಪನಿಗಳು ಊರೂರಲ್ಲಿ ಹುಟ್ಟಿಕೊಂಡವು, ಜನರಿಂದ ಠೇವಣಿಯನ್ನೂ ಎತ್ತಿದವು. ಎಷ್ಟೋ ಕಂಪನಿಗಳು ಮುಳುಗಿ ಠೇವಣಿದಾರರು ನೊಂದರು. 1997ರಲ್ಲಿ ಕಾನೂನು ಬಿಗಿಯಾಗಿ, ಬ್ಯಾಂಕೇತರ ಹಣಕಾಸು ಕಂಪನಿಗಳು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಯಿತು.

ಇನ್ನು ಕಂತು ತಪ್ಪಿದವನ ಪಾಡು. ಒಂದು ವರ್ಷ ಬೆಳೆ ಹೋದರೆ ಸಾಗಿಸಲು ಸರಕಿಲ್ಲ. ಸರಕಿಲ್ಲದೆ ಬಾಡಿಗೆಯಿಲ್ಲ, ಬಾಡಿಗೆಯಿಲ್ಲದೆ ಕಂತಿಲ್ಲ. ಆಗ ಸೀಜ್ ಮಾಡುವವರು ರಸ್ತೆಯಲ್ಲೇ ಗಾಡಿ ತಡೆಯುತ್ತಾರೆ. ಮುಕ್ಕಾಲು ಪಾಲು ಕಟ್ಟಿದವನೂ ಕೀಲಿಕೈ ಕೊಟ್ಟು ಬಸ್ಸು ಹತ್ತಿ ಮನೆಗೆ ಬರಬೇಕು. ಇಂಗ್ಲೆಂಡಿನಲ್ಲೂ ಇದೇ ಅನ್ಯಾಯ ನಡೆದಿತ್ತು. ಎಲೆನ್ ವಿಲ್ಕಿನ್ಸನ್ ಎಂಬ ಸಂಸದೆ ಹಟ ಹಿಡಿದು 1938ರಲ್ಲಿ ಕಾಯ್ದೆ ತಂದರು: ಮೂರನೇ ಒಂದು ಪಾಲು ಕಟ್ಟಿದ ಮೇಲೆ ಕೋರ್ಟಿನ ಆದೇಶವಿಲ್ಲದೆ ವಸ್ತುವನ್ನು ಕಿತ್ತುಕೊಳ್ಳುವಂತಿಲ್ಲ. ನಮ್ಮ ಸಂಸತ್ತೂ 1972ರಲ್ಲಿ ಹೈರ್ ಪರ್ಚೇಸ್ ಕಾಯ್ದೆ ಪಾಸು ಮಾಡಿತು. ನಿಗದಿತ ಪಾಲು ಕಟ್ಟಿದವನಿಗೆ ಕೋರ್ಟಿನ ರಕ್ಷಣೆ ಅದರಲ್ಲಿಯೂ ಇತ್ತು. ಆದರೆ ಆ ಕಾಯ್ದೆ ಒಂದು ದಿನವೂ ಜಾರಿಗೆ ಬರಲಿಲ್ಲ. 2005ರಲ್ಲಿ ಅದನ್ನು ರದ್ದು ಮಾಡಲಾಯಿತು. ಮೂವತ್ತಮೂರು ವರ್ಷ ಪುಸ್ತಕದಲ್ಲೇ ಉಳಿದ ಆ ರಕ್ಷಣೆ ಸಣ್ಣ ಗಾಡಿ ಮಾಲೀಕನಿಗೆ ದಕ್ಕಿದ್ದರೆ ಎಷ್ಟು ಮನೆಗಳು ನಿಲ್ಲುತ್ತಿದ್ದವೋ ಎಂದು ನನಗೆ ಸಂಕಟವಾಗುತ್ತದೆ.

ಈ ನಡುವೆ ಕರಾರಿನ ರೂಪವೂ ಬದಲಾಯಿತು. ಗಿರಾಕಿ ತಾನೇ ಗಾಡಿ ಆರಿಸಿ, ಕಂಪನಿ ಬರೀ ದುಡ್ಡು ಕೊಟ್ಟಿದ್ದರೆ ಅದು ನಿಜದಲ್ಲಿ ಸಾಲವೇ ಎಂದು ಸುಪ್ರೀಂ ಕೋರ್ಟ್ ಅರವತ್ತರ ದಶಕದಲ್ಲೇ ಹೇಳಿತ್ತು. 1982ರ ಸಂವಿಧಾನ ತಿದ್ದುಪಡಿ ಹೈರ್ ಪರ್ಚೇಸಿನ ಮೇಲೆ ಮಾರಾಟ ತೆರಿಗೆ ಹಾಕಲು ರಾಜ್ಯಗಳಿಗೆ ದಾರಿ ಮಾಡಿಕೊಟ್ಟಿತು. ಹೀಗಾಗಿ ಇವತ್ತು ನಾವು ಸಹಿ ಹಾಕುವ ಕಾಗದಗಳಲ್ಲಿ ಹೆಚ್ಚಿನವು ಗಾಡಿಯನ್ನೇ ಹೈಪೋಥಿಕೇಶನ್ ಮಾಡಿದ, ಅಂದರೆ ಗಾಡಿ ನಮ್ಮ ಕೈಯಲ್ಲೇ ಇದ್ದು ಸಾಲಕ್ಕೆ ಆಧಾರವಾಗಿರುವ ಸಾಲಪತ್ರಗಳು. ಗಾಡಿ ವಶಕ್ಕೆ ತೆಗೆದುಕೊಳ್ಳುವ ವಿಷಯದಲ್ಲಿ ಎರಡು ತೀರ್ಪು ನೆನಪಿರಲಿ. ಸಾಲ ವಸೂಲಿಗೆ ತೋಳ್ಬಲದವರನ್ನು ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಹೈರ್ ಪರ್ಚೇಸಿನಲ್ಲಿ ಪೂರ್ತಿ ಕಂತು ಕಟ್ಟುವವರೆಗೆ ಮಾಲೀಕತ್ವ ಕಂಪನಿಯದೇ, ಕಂತು ತಪ್ಪಿದರೆ ವಶಕ್ಕೆ ತೆಗೆದುಕೊಳ್ಳಬಹುದು, ನೋಟಿಸು ಬೇಕೋ ಬೇಡವೋ ಎಂಬುದು ಕರಾರಿನಲ್ಲಿ ಬರೆದದ್ದರ ಮೇಲೆ ನಿಂತಿದೆ ಎಂದು 2020ರಲ್ಲಿ ಹೇಳಿತು. ಹೊಡೆದು ಬಡಿದು ಒಯ್ಯುವುದಕ್ಕೆ ಹಕ್ಕಿಲ್ಲ. ಆದರೆ ನಮ್ಮ ಕೈಲಿರುವ ಬಲ ನಾವು ಸಹಿ ಹಾಕಿದ ಕಾಗದದಲ್ಲೇ ಇದೆ.

ಆ ಕಾಗದದ ಒಂದು ಲೆಕ್ಕವನ್ನು ನಿಧಾನವಾಗಿ ನೋಡೋಣ, ಪೆನ್ನು ಇದ್ದವರು ಬರೆದುಕೊಳ್ಳಿ. ಗೂಡ್ಸ್ ಗಾಡಿಗೆ 5 ಲಕ್ಷ ಸಾಲ, ಮೂರು ವರ್ಷ, "ಬರೀ ಹತ್ತು ಪರ್ಸೆಂಟು ಅಣ್ಣಾ" ಎನ್ನುತ್ತಾರೆ. ಅದು ಫ್ಲ್ಯಾಟ್ ದರವಾದರೆ ವರ್ಷಕ್ಕೆ 50,000ದಂತೆ ಬಡ್ಡಿ 1,50,000. ಒಟ್ಟು 6,50,000ವನ್ನು 36ರಿಂದ ಭಾಗಿಸಿದರೆ ತಿಂಗಳ ಕಂತು 18,056. ಅದೇ ಹತ್ತು ಪರ್ಸೆಂಟು ಇಳಿಕೆ ಬಾಕಿಯ ಮೇಲಾದರೆ ಕಂತು ಸುಮಾರು 16,134, ಒಟ್ಟು ಬಡ್ಡಿ ಸುಮಾರು 81,000. ವ್ಯತ್ಯಾಸ 69,000 ರೂಪಾಯಿ. ಕಾರಣ ಇಷ್ಟೇ: ಫ್ಲ್ಯಾಟ್ ದರದಲ್ಲಿ ನೀವು ಅಸಲು ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೆ ಪೂರ್ತಿ 5 ಲಕ್ಷದ ಮೇಲೆಯೇ ಓಡುತ್ತದೆ. ನಿಜವಾದ ದರ ಆಗ ಹತ್ತಲ್ಲ, ಹತ್ತಿರ ಹತ್ತಿರ ಹದಿನೆಂಟು.

ಈ ಮರೆಯನ್ನು ಸರಿಸುವ ಒಂದು ಆಯುಧ ಈಗ ನಮ್ಮ ಕೈಗೆ ಬಂದಿದೆ. 2024ರ ಅಕ್ಟೋಬರ್ 1ರಿಂದ ಕೊಡುವ ಹೊಸ ಚಿಲ್ಲರೆ ಸಾಲ ಮತ್ತು ಸಣ್ಣ ಉದ್ಯಮದ ಅವಧಿ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಮುಖ್ಯಾಂಶಗಳ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಸಂಸ್ಕರಣಾ ಶುಲ್ಕ, ವಿಮೆ ಎಲ್ಲ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರಲೇಬೇಕು. ತಡವಾದ ಕಂತಿಗೆ ದಂಡದ ಬಡ್ಡಿ ಹೇರಿ, ಅದರ ಮೇಲೆ ಮತ್ತೆ ಬಡ್ಡಿ ಎಣಿಸುವುದನ್ನೂ ರಿಸರ್ವ್ ಬ್ಯಾಂಕ್ ನಿಲ್ಲಿಸಿದೆ. ಇದೆಲ್ಲಕ್ಕಿಂತ ನಮಗೆ ಮುಖ್ಯವಾದದ್ದು, ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂಬ ನಿಯಮ. ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳದ ಕಡೆಯ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಹಿಂದೂಪುರಕ್ಕೆ ಬಂದು ತೆಲುಗಿನಲ್ಲಿ ಮಾತಾಡಿ, ಇಂಗ್ಲಿಷಿನಲ್ಲಿ ಸಹಿ ಹಾಕಿ ಹೋಗುತ್ತಾರೆ. ಮನೆಯಲ್ಲಿ ಓದುವುದು ಕನ್ನಡ. ಅಂಥವರು ಆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಬಹುದು. ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನದ ಅವಕಾಶವೂ ಇದೆ.

ಕೊನೆಯ ಕಂತು ಕಟ್ಟಿದ ಮೇಲೆ ಕೆಲಸ ಮುಗಿಯಿತೆಂದು ಸುಮ್ಮನಾಗಬೇಡಿ. ಕಂಪನಿಯಿಂದ ಎನ್‌ಒಸಿ ಮತ್ತು ಸಹಿಯಾದ ಫಾರಂ 35 ಪಡೆದು, ಆರ್‌ಟಿಓ ಕಚೇರಿಯಲ್ಲಿ ಆರ್‌ಸಿಯಿಂದ ಕಂಪನಿಯ ಹೆಸರನ್ನು, ಅಂದರೆ ಎಚ್‌ಪಿ ನಮೂದನ್ನು, ತೆಗೆಸಬೇಕು. ಇಲ್ಲದಿದ್ದರೆ ಗಾಡಿ ಮಾರುವ ದಿನ ತಕರಾರು ಎದುರಾಗುತ್ತದೆ.

ಬರಡು ನೆಲದ ಜನರ ದುಡಿಮೆಯನ್ನು ನಂಬಿ ಯಂತ್ರ ಕೊಟ್ಟ ಪದ್ಧತಿ ಇದು. ಆ ನಂಬಿಕೆಗೆ ತಕ್ಕ ಕಾನೂನನ್ನು ನಾವು 1972ರಲ್ಲಿ ಬರೆದು ಕೈಬಿಟ್ಟೆವು. ಮುಕ್ಕಾಲು ಸಾಲ ತೀರಿಸಿದವನ ಗಾಡಿಯನ್ನು ಕೋರ್ಟು ಕೇಳದೆ ಕಿತ್ತುಕೊಳ್ಳಬಾರದೆಂಬ ಆ ಮಾತು ಮತ್ತೆ ಕಾಯ್ದೆಯಾಗಬೇಕು. ಅದನ್ನು ಲಾರಿ ಮಾಲೀಕರ ಸಂಘಗಳೂ ನಮ್ಮ ಶಾಸಕರೂ ಸಂಸದರೂ ಒತ್ತಾಯಿಸಬೇಕು. ಅದಾಗುವವರೆಗೆ ನಿಮ್ಮ ಭಾಷೆಯಲ್ಲಿ ಪತ್ರ ಕೇಳಿ, ನಿಜವಾದ ದರ ನೋಡಿ, ಆಮೇಲೆ ಸಹಿ ಹಾಕಿ.