ತಲೆಯಾಡಿಸುವ ಮಗು ಮತ್ತು ನಮ್ಮ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.



ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಹುಟ್ಟಿನಿಂದಲೇ ಮೆದುಳಿನಲ್ಲಿ ದೋಷವಿರುವ ಮಗುವೂ ಅಷ್ಟೇ ದೊಡ್ಡ ಅಮಾನತ್.

ಗರ್ಭದಲ್ಲಿ ಮೆದುಳು ಸರಿಯಾಗಿ ರೂಪುಗೊಳ್ಳದಿದ್ದರೆ ಕೆಲವು ಮಕ್ಕಳ ಮೈ ಅವರ ಹಿಡಿತಕ್ಕೆ ಸಿಗುವುದಿಲ್ಲ. ಕೈಕಾಲು ತಿರುಚಿಕೊಳ್ಳುತ್ತವೆ. ಒಂದು ಕೈ ಆಡಿಸಿದರೆ ಇನ್ನೊಂದೂ ತಾನಾಗಿಯೇ ಹಾಗೆಯೇ ಆಡುತ್ತದೆ. ಬಹಳ ಅಪರೂಪದ ಇನ್ನೊಂದು ಕಾಯಿಲೆಯನ್ನು ವೈದ್ಯರು 1966ರಲ್ಲಿ ಮೊದಲು ವಿವರಿಸಿದರು. ಅದರ ಹೆಸರು ‘ಬಾಬಲ್ ಹೆಡ್ ಡಾಲ್ ಸಿಂಡ್ರೋಮ್’. ತಲೆಯಾಡಿಸುವ ಗೊಂಬೆಯಂತೆ ಮಗುವಿನ ತಲೆ ಸೆಕೆಂಡಿಗೆ 2-3 ಬಾರಿ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ಹೆಚ್ಚಾಗಿ ಇದು 5 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಮೆದುಳಿನ ನಡುಭಾಗದಲ್ಲಿ ನೀರು ತುಂಬಿದ ಗುಳ್ಳೆಯಿರುವುದು ಅಥವಾ ಮೆದುಳಿನ ನೀರು ಹರಿಯುವ ದಾರಿ ಕಟ್ಟಿಕೊಂಡಿರುವುದು ಇದಕ್ಕೆ ಕಾರಣ.

ಮಗು ನಿದ್ದೆ ಹೋದರೆ ತಲೆಯಾಟ ನಿಲ್ಲುತ್ತದೆ. ‘ನಿಲ್ಲಿಸು’ ಎಂದು ಗದರಿಸಿದರೆ ಮಗು ಸ್ವಲ್ಪ ಹೊತ್ತು ತಡೆಹಿಡಿಯಲೂಬಹುದು. ನಾವು ಮೋಸಹೋಗುವುದು ಇಲ್ಲಿಯೇ. ಒಬ್ಬರು ತುಂಟತನವೆಂದು ಹೊಡೆಯುತ್ತಾರೆ. ಇನ್ನೊಬ್ಬರು ಜಿನ್ನ್ ಹಿಡಿದಿದೆ ಎನ್ನುತ್ತಾರೆ. ತಾಯತ, ಊದಿದ ನೀರು ಎನ್ನುತ್ತಾ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಒಳಗಿನ ಒತ್ತಡದಿಂದ ಮಗುವಿನ ದೃಷ್ಟಿಯೇ ಹಾಳಾಗಬಹುದು. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಆ ನೀರಿಗೆ ದಾರಿ ಬಿಡಿಸಿದರೆ ಅನೇಕ ಮಕ್ಕಳ ತಲೆಯಾಟ ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ತಲೆಯಾಡಿಸುವ ಮಕ್ಕಳಿಗೆಲ್ಲ ಇದೇ ಕಾಯಿಲೆ ಎಂದಲ್ಲ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ನಾವಲ್ಲ.

ಮೂರ್ಛೆ ರೋಗವಿದ್ದ ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿ ಬಂದ ಘಟನೆಯನ್ನು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ಪ್ರವಾದಿ(ಸ)ರು ಆಕೆಯನ್ನು ದೂಷಿಸಲಿಲ್ಲ, ದೂರ ತಳ್ಳಲಿಲ್ಲ. ಸಹನೆಗೆ ಸ್ವರ್ಗದ ಶುಭವಾರ್ತೆ ನೀಡಿದರು. ಬಯಸಿದರೆ ಗುಣವಾಗಲೆಂದು ದುಆ ಮಾಡುವೆನೆಂದರು. ಆಕೆ ಸಹನೆಯನ್ನೇ ಆರಿಸಿಕೊಂಡರು, ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯದಂತೆ ಮಾತ್ರ ದುಆ ಕೇಳಿದರು. ತನ್ನ ಮಾನದ ಬಗ್ಗೆ ಆಕೆಗಿದ್ದ ಕಾಳಜಿಗೆ ಪ್ರವಾದಿ(ಸ)ರು ಬೆಲೆ ಕೊಟ್ಟರು. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದೂ ಅವರೇ ಕಲಿಸಿದ್ದಾರೆ. ದುಆ ಮಾಡೋಣ, ಮಗುವನ್ನು ಆಸ್ಪತ್ರೆಗೂ ಕರೆದೊಯ್ಯೋಣ.

ನಾವು ಮಾಡಬೇಕಾದುದೇನು? ಮಗುವಿನ ಚಲನೆಯನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ವೈದ್ಯರ ಮುಂದೆ ಮಗು ಸುಮ್ಮನಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ತಲೆಯ ಗಾತ್ರ ವೇಗವಾಗಿ ಹೆಚ್ಚುತ್ತಿದ್ದರೆ, ವಾಂತಿಯಾಗುತ್ತಿದ್ದರೆ ತಡಮಾಡಬೇಡಿ. ಹಸುಗೂಸು ನಿದ್ದೆಯಿಂದೆದ್ದಾಗ ಮತ್ತೆ ಮತ್ತೆ ಬೆಚ್ಚಿ ಮುಂದಕ್ಕೆ ಬಾಗುತ್ತಿದ್ದರೆ ಅದು ಫಿಟ್ಸ್ ಆಗಿರಬಹುದು, ಕೂಡಲೇ ತೋರಿಸಿ. ಗುಂಡ್ಲುಪೇಟೆಯವರು ತಾಲೂಕು ಆಸ್ಪತ್ರೆಯಿಂದಲೇ ಆರಂಭಿಸಬಹುದು. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಅಲ್ಲಿಂದ ಮುಂದಕ್ಕೆ ಮೈಸೂರು, ಬೆಂಗಳೂರಿನ ನಿಮ್ಹಾನ್ಸ್ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೆ ತಪಾಸಣೆಗೆ ಬರುವ ತಂಡದಿಂದ ಮಗುವನ್ನು ಬಚ್ಚಿಡಬೇಡಿ.

ಎಲ್ಲ ಮಕ್ಕಳೂ ಪೂರ್ಣ ಗುಣವಾಗುವುದಿಲ್ಲ. ಅಂತಹ ಮನೆಯ ತಾಯಿಯನ್ನು ‘ಯಾವ ಪಾಪಕ್ಕೆ ಈ ಶಿಕ್ಷೆ?’ ಎಂದು ಕೇಳುವ ನಾಲಿಗೆಗಳನ್ನು ನಾವು ತಡೆಯಬೇಕು. ಕೂಲಿಗೆ ಹೋಗುವ ತಂದೆಗೆ ಮೈಸೂರಿಗೆ ಒಂದು ದಿನ ಹೋಗಿಬರುವುದೆಂದರೆ ಬಸ್ ಖರ್ಚಿನ ಜೊತೆ ಆ ದಿನದ ಸಂಪಾದನೆಯೂ ಹೋಗುತ್ತದೆ. ಅದನ್ನು ಭರಿಸುವುದು, ಜೊತೆಗೆ ಒಬ್ಬರನ್ನು ಕಳುಹಿಸುವುದು ಜಮಾಅತಿನ ಹೊಣೆ.

ಅಲ್ಲಾಹನು ಈ ಮಕ್ಕಳಿಗೆ ನೆಮ್ಮದಿಯನ್ನೂ ಹೆತ್ತವರಿಗೆ ಸಹನೆಯನ್ನೂ ನಮಗೆ ವಿವೇಕವನ್ನೂ ಕರುಣಿಸಲಿ. ಆಮೀನ್.