ಸ್ವಿಚ್ ಮೇಲೆ 78 ಇದ್ರೆ ಸಾಲದು

ಧಾರವಾಡದ ಮನೆ ಖಾಲಿ ಮಾಡಿದಾಗ ಅಜ್ಜನ ಗ್ರಾಮಫೋನ್ ಪ್ಲೇಟುಗಳು ಪುಣೆಗೆ, ನನ್ನ ಫ್ಲ್ಯಾಟಿಗೆ ಬಂದವು. ಸ್ಪೀಕರ್, ಯುಎಸ್‌ಬಿ ಎಲ್ಲಾ ಒಂದೇ ಪೆಟ್ಟಿಗೆಯಲ್ಲಿರೋ ಪ್ಲೇಯರ್ ತರಿಸಿದೆ. ಸ್ವಿಚ್ ಮೇಲೆ 33, 45, 78 ಅಂತಿತ್ತು. ಅಷ್ಟು ಸಾಕು ಅಂದ್ಕೊಂಡೆ; ಎಂಟೆಕ್ ಓದಿದವನು ನೋಡಿ!

ಬರೀ ಗೊರಗೊರ. ಎಲ್‌ಪಿ ಸೂಜಿಯ ತುದಿ ಸುಮಾರು 18 ಮೈಕ್ರಾನ್. 78ರ ಗೆರೆ ಅಗಲ, ಅದಕ್ಕೆ 75ರ ಆಸುಪಾಸಿನದು ಬೇಕು. ಸಣ್ಣ ಸೂಜಿ ಗೆರೆಯ ತಳಕ್ಕಿಳಿದು ಅಲ್ಲಿನ ಧೂಳನ್ನೇ ಓದುತ್ತೆ.

ಕೊಳ್ಳೋ ಮುಂಚೆ ಕೇಳಿ: 78ಕ್ಕೆ ಬೇರೆ ಸೂಜಿ ಸಿಗುತ್ತಾ? ಬ್ಲೂಟೂತ್ ವಿಚಾರ ಆಮೇಲೆ. ರೆಕಾರ್ಡ್ ಮಾಡುವಾಗ ಮೊದಲು ವೇವ್ ಫೈಲ್. ಎಂಪಿ3 ಅದರಿಂದ ಮಾಡ್ಕೊಳ್ಳಿ.

ಸೂಜಿ ಬದಲಿಸಿ ಹಾಕಿದೆ. ಅಡುಗೆಮನೆಯಿಂದ ಅಮ್ಮ ಬಂದು ನಿಂತ್ರು. “ಅಪ್ಪಾ ದಿನಾ ಹಚ್ತಿದ್ರಲ್ಲೋ, ಇದ ಹಾಡು!”