ಸೋತ ಕೈಗೇ ಕೆಲಸ ಕೊಡಿ

ಲಕ್ವ ಹೊಡೆದು ಕೈ ಬಿದ್ದೋಯ್ತು ಅಂತೀವಲ್ಲ, ಕೈಗೆ ಏನೂ ಆಗಿರಲ್ಲ. ರಕ್ತ ಸಿಗದೆ ಸತ್ತಿರೋದು ಮೆದುಳಲ್ಲಿ ಆ ಕೈಗೆ ಆರ್ಡರ್ ಕೊಡೋ ನರಕೋಶಗಳು. ಅವು ವಾಪಸ್ ಬರಲ್ಲ. ಆದ್ರೆ ಅಕ್ಕಪಕ್ಕದ ಭಾಗಗಳು ಆ ಕೆಲಸವನ್ನು ಸ್ವಲ್ಪ ಮಟ್ಟಿಗೆ ಕಲಿಯಬಲ್ಲವು, ಕೈ ಬಳಸಿದರೆ.

ನಮ್ಮ ಮನೆಗಳಲ್ಲಿ ಆಗೋದೇ ಬೇರೆ. ಬಲಗೈ ನಾಲ್ಕು ಸಲ ಸೋತರೆ ಎಡಗೈ ಮುಂದೆ ಬರುತ್ತೆ. ನಾವೂ ಪ್ರೀತಿಯಿಂದ ಗುಂಡಿ ಹಾಕಿ, ಮುದ್ದೆ ತಿನ್ನಿಸ್ತೀವಿ. ಆಡಬಹುದಾಗಿದ್ದ ಬೆರಳೂ ಸುಮ್ಮನಾಗುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಾಬ್ ಇದನ್ನು ಮೊದಲು ಕೋತಿಗಳಲ್ಲಿ ಗಮನಿಸಿದ್ರು. ಅವರ ಉಪಾಯ: ಚೆನ್ನಾಗಿರೋ ಕೈಗೆ ದಪ್ಪ ಗ್ಲೌಸ್ ಹಾಕಿ, ಸೋತ ಕೈಯಿಂದಲೇ ದಿನಾ ಗಂಟೆಗಟ್ಟಲೆ ಕೆಲಸ ಮಾಡಿಸೋದು.

222 ಜನರ ಮೇಲೆ ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯ್ತು. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರು. ಎರಡೇ ವಾರ ಹೀಗೆ ಮಾಡಿದವರು, ವರ್ಷ ಕಳೆದ ಮೇಲೂ, ಮಾಮೂಲಿ ಚಿಕಿತ್ಸೆಯವರಿಗಿಂತ ಆ ಕೈಯನ್ನು ಚೆನ್ನಾಗಿ ಬಳಸ್ತಿದ್ರು.

ಮಣಿಕಟ್ಟು, ಬೆರಳು ಸ್ವಲ್ಪವಾದ್ರೂ ಆಡುವವರಿಗೆ ಮಾತ್ರ ಇದು. ನಾನು ಓದಿದ್ದು ಬಿಕಾಂ. ಫಿಸಿಯೋಥೆರಪಿಸ್ಟ್ ಕೇಳದೆ ಯಾರ ಕೈಯನ್ನೂ ಕಟ್ಟೋಕೆ ಹೋಗ್ಬೇಡಿ. ಲೋಟ ಮಾತ್ರ ಇವತ್ತೇ ಆ ಕೈ ಪಕ್ಕ ಇಡಿ.